ನಾಯಿ ಎತ್ತಿದ ಮುಂಗಾಲು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಒಂದು ಛಾಯಾಚಿತ್ರವನ್ನು ಕುರಿತು ಈ ಪತ್ರ ಬರೆಯುತ್ತಿದ್ದೇನೆ. ಹೊರದೇಶದ ಯಾವುದೋ ಹಳ್ಳಿಯ ಅಂಗಳದಲ್ಲಿ, ಸುತ್ತಲೂ ಹಿಮ ರಾಶಿಬಿದ್ದಿರುವಾಗ, ನಾಯಿಯೊಂದು ಬಲ ಮುಂಗಾಲನ್ನು ಎದೆಯ ಮಟ್ಟಕ್ಕೆ ಎತ್ತಿಕೊಂಡು ನಿಂತಿರುವ ಚಿತ್ರ ಅದು. 'ಹಿಮ ಕಂಡು ಕುಣಿದ ಶ್ವಾನ. ಚಳಿ ಎಂಬುದು ಮನುಷ್ಯರಿಗೆ ಮಾತ್ರ' ಎಂದು ಅದರ ಕೆಳಗೆ ಅಚ್ಚಾಗಿತ್ತು. ಚಿತ್ರ ಸುಂದರವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ನಮ್ಮ ಮನೆಯ ಮಕ್ಕಳು ಅದನ್ನು ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾರೆ. ಆದರೆ ಅಂಥದೇ ಹಿಮದ ನಾಡಿನಲ್ಲಿ ಒಂದು ನಾಯಿ, ಒಂದು ಬೆಕ್ಕು ಮತ್ತು ಆರು ಕೋಳಿಗಳ ಜೊತೆಯಲ್ಲಿ ಎರಡು ಚಳಿಗಾಲ ಕಳೆದು ಬಂದ ನನಗೆ ಆ ಎತ್ತಿದ ಕಾಲಿನ ಅರ್ಥ ಬೇರೆಯಾಗಿ ಕಂಡಿತು. ಅಂಗಾಲು ಚಳಿಗೆ ನೋಯತೊಡಗಿದಾಗ ನಾಯಿ ಮೊದಲು ಒಂದು ಕಾಲನ್ನು ಎತ್ತಿ ಹಿಡಿಯುತ್ತದೆ, ಬಳಿಕ ಅದನ್ನು ಊರಿ ಇನ್ನೊಂದನ್ನು ಎತ್ತುತ್ತದೆ, ಕೊನೆಗೆ ಯಾವುದನ್ನು ಊರುವುದೆಂದು ತೋಚದೆ ಇದ್ದಲ್ಲಿಯೇ ಕೂತುಬಿಡುತ್ತದೆ. ಒಳಗೆ ಕರೆದುಕೊಳ್ಳಿರೆಂದು ಅದು ಹೇಳುವ ಬಗೆ ಅದೊಂದೇ.

ನಾನು ಸಾಗರ ತಾಲ್ಲೂಕಿನವಳು. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಮಗಳು ಮತ್ತು ಅಳಿಯ ಅಮೆರಿಕದ ಮಿಷಿಗನ್ ರಾಜ್ಯದ ಉತ್ತರದ ತುದಿಯಲ್ಲಿ, ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡಿರುವ ಕೀವೀನಾ ಎಂಬ ಪರ್ಯಾಯ ದ್ವೀಪದಲ್ಲಿ ಮನೆ ಮಾಡಿಕೊಂಡಿದ್ದಾರೆ. ಹ್ಯಾನ್‌ಕಾಕ್ ಎಂಬ ಸಣ್ಣ ಪಟ್ಟಣದಿಂದಲೂ ಆಚೆಗೆ, ಕಾಡಿನ ಅಂಚಿನಲ್ಲಿರುವ ಮನೆ ಅದು. ನೆರೆಮನೆಯ ದೀಪ ಮರಗಳ ಸಂದಿನಲ್ಲಿ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಬಾಣಂತನಕ್ಕೆಂದು ಒಂದು ನವೆಂಬರ್‌ನಲ್ಲಿ ಹೋದವಳು ಏಪ್ರಿಲ್‌ವರೆಗೆ ಅಲ್ಲಿದ್ದೆ. ಮತ್ತೊಂದು ವರ್ಷ ಹಾಗೆಯೇ ಹೋಗಿ ಬಂದೆ. ಮಗಳೂ ಅಳಿಯನೂ ಕೆಲಸಕ್ಕೆ ಹೋದ ಮೇಲೆ ಮನೆಯ ಮೂಕಪ್ರಾಣಿಗಳ ಪಾಲನೆ ನನ್ನ ಪಾಲಿಗೆ ಬಂದಿತ್ತು.

ಅಲ್ಲಿನ ಹಿಮದ ಪ್ರಮಾಣವನ್ನು ಹೇಳದೆ ಉಳಿದ ಮಾತು ಅರ್ಥವಾಗಲಾರದು. ಚಳಿಗಾಲದಲ್ಲಿ ಕೆನಡಾದ ಕಡೆಯಿಂದ ಬರುವ ಒಣ ಶೀತಗಾಳಿ, ಇನ್ನೂ ಹೆಪ್ಪುಗಟ್ಟದೆ ಉಳಿದಿರುವ ಸುಪೀರಿಯರ್ ಸರೋವರದ ಮೇಲೆ ಹಾದು ಬರುವಾಗ ನೀರಿನ ಆವಿಯನ್ನೂ ಶಾಖವನ್ನೂ ಹೀರಿಕೊಂಡು, ಎದುರಿಗೆ ಸಿಕ್ಕ ಕೀವೀನಾದ ಗುಡ್ಡಗಳ ಮೇಲೆ ಅದೆಲ್ಲವನ್ನೂ ಹಿಮವಾಗಿ ಸುರಿಯುತ್ತದೆ. ಅರಬ್ಬೀ ಸಮುದ್ರದ ಮೋಡ ಬಂದು ನಮ್ಮ ಘಟ್ಟಕ್ಕೆ ಬಡಿದು ಆಗುಂಬೆಯಲ್ಲಿ ಸುರಿಯುವುದಿಲ್ಲವೇ, ಹೆಚ್ಚುಕಡಿಮೆ ಅದೇ ಬಗೆ. ಸರೋವರ ಪೂರ್ತಿಯಾಗಿ ಹೆಪ್ಪುಗಟ್ಟುವುದು ಅಪರೂಪವಾದ್ದರಿಂದ ಈ ಸುರಿತಕ್ಕೆ ಚಳಿಗಾಲದ ನಡುವಿನಲ್ಲೂ ಬಿಡುವಿಲ್ಲ. ವರ್ಷಕ್ಕೆ 200 ಇಂಚಿಗೂ ಹೆಚ್ಚು, ಅಂದರೆ ಹದಿನಾರು ಅಡಿ ದಾಟಿದ ಹಿಮ ಬೀಳುವುದು ಅಲ್ಲಿ ಸಾಮಾನ್ಯ ಸಂಗತಿ. 1978-79ರ ಚಳಿಗಾಲದಲ್ಲಿ 390.4 ಇಂಚು ಬಿದ್ದದ್ದು ಕೀವೀನಾ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ವಿಭಾಗದ, ದಾಖಲೆ. ಹೆದ್ದಾರಿಯ ಪಕ್ಕದಲ್ಲಿ ಆ ಎತ್ತರವನ್ನು ಗುರುತು ಮಾಡಿ ಉಷ್ಣಮಾಪಕದ ಆಕಾರದ ಕಂಬವನ್ನೇ ನಿಲ್ಲಿಸಿದ್ದಾರೆ. ಡಿಸೆಂಬರ್ ಕೊನೆಯಲ್ಲಿ ಬೆಳಿಗ್ಗೆ ಎಂಟೂವರೆ ಕಳೆದ ಮೇಲೆ ಸೂರ್ಯ ಹುಟ್ಟಿ ಸಂಜೆ ಐದಕ್ಕೆಲ್ಲ ಮುಳುಗುತ್ತಾನೆ. ಮೋಡದ ದೆಸೆಯಿಂದ ಅವನು ಹುಟ್ಟಿದ್ದೂ ಮುಳುಗಿದ್ದೂ ಎಷ್ಟೋ ದಿನ ಗೊತ್ತೇ ಆಗುವುದಿಲ್ಲ.

ಇಂಥ ಕಡೆ ನಾಯಿ ಸಾಕಿದವರ ಬೆಳಗು ಸಲಿಕೆಯಿಂದ ಆರಂಭವಾಗುತ್ತದೆ. ರಾತ್ರಿ ಬಿದ್ದ ಹಿಮ ನಾಯಿಯ ಹೊಟ್ಟೆಯ ಮಟ್ಟಕ್ಕಿದ್ದರೆ ಅದು ಮಲಮೂತ್ರಕ್ಕೆ ಕೂರುವುದಾದರೂ ಎಲ್ಲಿ? ಆದ್ದರಿಂದ ಮನೆಯವರು ತಮ್ಮ ಕಾರಿಗೆ ದಾರಿ ಬಿಡಿಸುವ ಮೊದಲು ನಾಯಿಗೊಂದು ದಾರಿಯನ್ನೂ, ಅದರ ತುದಿಯಲ್ಲಿ ಸಣ್ಣ ಒಕ್ಕಲು ಕಣದಂಥ ಜಾಗವನ್ನೂ ಬಿಡಿಸಿಕೊಡುತ್ತಾರೆ. ಬಿಡಿಸಿ ಒಳಗೆ ಬಂದು ಕಾಫಿ ಕುಡಿಯುವಷ್ಟರಲ್ಲಿ ಅದು ಮತ್ತೆ ಮುಚ್ಚಿಹೋಗಿರುವುದೂ ಉಂಟು. ನಮ್ಮ ಮನೆಯ ನಾಯಿ ಕಪ್ಪು ಲ್ಯಾಬ್ರಡಾರ್. ಮಗಳು ಅವನಿಗೆ ಕರಿಯ ಎಂದು ಹೆಸರಿಟ್ಟಿದ್ದಳು, ಅಲ್ಲಿಯವರ ಬಾಯಲ್ಲಿ ಅವನು ಕೇರಿಯಾ ಆಗಿದ್ದ. ಆ ದಾರಿಯಲ್ಲಿ ಅವನು ಹೋಗುತ್ತಿದ್ದುದು, ಇಕ್ಕೆಲದ ಹಿಮದ ಗೋಡೆಗಳ ನಡುವೆ ಬಾಲದ ತುದಿ ಮಾತ್ರ ಕಾಣುವಂತೆ ಓಡುತ್ತಿದ್ದುದು, ಅದು ನೋಡಲು ನಿಜಕ್ಕೂ ಚೆಂದ. ನಾಯಿ ಹಿಮದಲ್ಲಿ ಸಂತೋಷಪಡುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮೊದಲ ಐದು ನಿಮಿಷ ಅವನಷ್ಟು ಸುಖಿ ಇನ್ನಾರೂ ಇರುತ್ತಿರಲಿಲ್ಲ.

ಅಡಿಬರಹ ಬರೆದವರ ಮಾತಿನಲ್ಲಿ ಅರ್ಧ ನಿಜವಿದೆ; ಅದನ್ನೂ ಹೇಳಬೇಕು. ಲ್ಯಾಬ್ರಡಾರ್ ತಳಿಯ ಮೂಲ ಕೆನಡಾದ ನ್ಯೂಫೌಂಡ್‌ಲೆಂಡ್ ದ್ವೀಪ. ಮೀನುಗಾರರ ಜೊತೆಯಲ್ಲಿ ತಣ್ಣನೆಯ ಕಡಲಿಗೆ ಇಳಿಯುತ್ತಿದ್ದ ನಾಯಿಗಳ ಸಂತತಿ ಅದು. ಅದರ ಮೈಗೆ ಎರಡು ಪದರದ ಕೂದಲು: ಒಳಗೆ ಹತ್ತಿಯಂಥ ಮೆತ್ತನೆಯ ಪದರ, ಹೊರಗೆ ಎಣ್ಣೆಯ ಅಂಶವಿರುವ ಒರಟು ಪದರ. ಅಂಗಾಲಿನ ರಚನೆ ಇನ್ನೂ ಸೋಜಿಗದ್ದು. ಹೃದಯದಿಂದ ಬರುವ ಬಿಸಿರಕ್ತದ ನಾಳಗಳೂ ಪಾದದಿಂದ ಹಿಂದಿರುಗುವ ತಣ್ಣನೆಯ ರಕ್ತದ ನಾಳಗಳೂ ಅಲ್ಲಿ ಒತ್ತೊತ್ತಾಗಿ ಹೆಣೆದುಕೊಂಡಿವೆ. ಕೆಳಗಿಳಿಯುವ ರಕ್ತ ತನ್ನ ಶಾಖವನ್ನು ಮೇಲೇರುವ ರಕ್ತಕ್ಕೆ ದಾಟಿಸಿಬಿಡುವುದರಿಂದ ನೆಲದ ತಂಪು ನೇರವಾಗಿ ಮೈಗೆ ಏರುವುದಿಲ್ಲ. ನಮ್ಮ ಅಡುಗೆಮನೆಗಳಲ್ಲಿ ಮುಖ್ಯ ಒಲೆಯ ಉರಿ ವ್ಯರ್ಥವಾಗದಂತೆ ಪಕ್ಕದ ಕೋಡೊಲೆಯ ಪಾತ್ರೆಗೂ ಅದು ತಗಲುವಂತೆ ಮಾಡಿಕೊಂಡಿರುತ್ತೇವಲ್ಲ, ಆ ಉಪಾಯವನ್ನೇ ಪ್ರಕೃತಿ ನಾಯಿಯ ಪಾದದಲ್ಲಿ ಮಾಡಿಟ್ಟಿದೆ.

ಆದರೆ ಒಲೆಗೂ ಕಟ್ಟಿಗೆಯ ಮಿತಿಯಿದೆ. ನಾಯಿಯ ಮೈಯ ಸಹಜ ಶಾಖ ನಮ್ಮದಕ್ಕಿಂತ ಹೆಚ್ಚು, ಸುಮಾರು 38.5 ಡಿಗ್ರಿ ಸೆಲ್ಸಿಯಸ್. ಹೊರಗೆ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿರುವಾಗ ಆ ಶಾಖವನ್ನು ಉಳಿಸಿಕೊಳ್ಳಲು ದೇಹ ಮೊದಲು ತುದಿಗಳನ್ನು ಕೈಬಿಡುತ್ತದೆ: ಕಿವಿಯ ಅಂಚು, ಬಾಲದ ತುದಿ, ಬೆರಳುಗಳು. ಕೂದಲು ಒದ್ದೆಯಾದರಂತೂ ಎರಡು ಪದರವಿದ್ದೂ ಪ್ರಯೋಜನವಿಲ್ಲ. ಇದನ್ನು ನಾನು ಓದಿ ಕಲಿತದ್ದಲ್ಲ, ನನ್ನ ತಪ್ಪಿನಿಂದ ಕಲಿತದ್ದು. ಮೊದಲ ವರ್ಷದ ಜನವರಿಯಲ್ಲಿ ಒಂದು ಬೆಳಿಗ್ಗೆ ಕರಿಯನನ್ನು ಹೊರಗೆ ಬಿಟ್ಟೆ. ಅಷ್ಟರಲ್ಲಿ ಊರಿನಿಂದ ತಂಗಿಯ ಫೋನು ಬಂತು. ಅಡಿಕೆ ಕೊಯ್ಲಿನ ಸುದ್ದಿ, ಮರ ಹತ್ತಿ ಅಡಿಕೆ ಇಳಿಸುವ ಕೊನೆಗೌಡ ಬಾರದೆ ಉಳಿದ ಸುದ್ದಿ, ಯಾರದೋ ಮನೆಯ ಉಪನಯನದ ಸುದ್ದಿ ಎಲ್ಲವೂ ಮುಗಿಯುವಾಗ ಅರ್ಧ ಗಂಟೆ ದಾಟಿತ್ತು. ಬಾಗಿಲು ತೆರೆದರೆ ಕರಿಯ ಮೆಟ್ಟಿಲ ಮೇಲೆ ಮುಂಗಾಲನ್ನು ಎತ್ತಿಕೊಂಡು ನಿಂತಿದ್ದ, ತಮ್ಮ ಚಿತ್ರದಲ್ಲಿದ್ದ ನಾಯಿ ನಿಂತಂತೆಯೇ. ಹಿಮದಲ್ಲಿ ಹೊರಳಾಡಿ ಕಿವಿಗಳೆರಡೂ ತೊಯ್ದಿದ್ದವು. ಎಡಗಿವಿಯ ಅಂಚು ಬೂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಚರ್ಮದ ಹಾಳೆಯಂತೆ ಸೆಟೆದುಕೊಂಡಿತ್ತು. ಗಾಬರಿಯಲ್ಲಿ ಅದನ್ನು ಅಂಗೈಯಿಂದ ತಿಕ್ಕಲು ಹೋದೆ. ಪುಣ್ಯಕ್ಕೆ ಮಗಳು ಮನೆಯಲ್ಲಿದ್ದಳು. ಪಶುವೈದ್ಯರಿಗೆ ಫೋನು ಮಾಡಿದಾಗ ಅವರು ಮೊದಲು ಹೇಳಿದ ಮಾತೇ, ತಿಕ್ಕಬೇಡಿ ಎಂಬುದು. ಹೆಪ್ಪುಗಟ್ಟಿದ ಜೀವಕೋಶಗಳು ತಿಕ್ಕಿದರೆ ಒಡೆಯುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮೆಲ್ಲನೆ ಒತ್ತಿಡಬೇಕು, ಬೆಂಕಿಯ ಹತ್ತಿರ ಹಿಡಿಯಬಾರದು, ಕೂದಲು ಒಣಗಿಸುವ ಬಿಸಿಗಾಳಿಯ ಯಂತ್ರವನ್ನೂ ಬಳಸಬಾರದು. ಆ ದಿನ ಗಾಳಿಗೆ ಹಿಮ ಎದ್ದು ರಸ್ತೆ ಕಾಣದಂತಾಗಿದ್ದರಿಂದ ವೈದ್ಯರಲ್ಲಿಗೆ ಹೋಗಲು ಮೂರನೆಯ ದಿನದವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಅಂಚು ಕಪ್ಪಾಗಿತ್ತು. ಈಗಲೂ ಅವನ ಎಡಗಿವಿಯ ತುದಿಯಲ್ಲಿ ಹೆಬ್ಬೆರಳ ಉಗುರಿನಷ್ಟು ಕಚ್ಚು ಇದೆ. ಅಂದಿನಿಂದ ನನ್ನ ಕ್ರಮ ಒಂದೇ: ನಾಯಿ ಹೊರಗಿದ್ದರೆ ನಾನೂ ಹೊರಗೆ, ನನ್ನ ಕೈಗವಸಿನೊಳಗೆ ಬೆರಳು ಜುಮ್ಮೆಂದರೆ ಇಬ್ಬರೂ ಒಳಗೆ.

ಒಳಗೆ ಬಂದ ಮೇಲಿನ ಕೆಲಸವನ್ನು ಮಲೆನಾಡಿನವರಿಗೆ ವಿವರಿಸುವುದು ಸುಲಭ. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದ ನಾಯಿಯನ್ನು ಜಗಲಿಗೆ ಹತ್ತಿಸುವ ಮೊದಲು ಬೆರಳಸಂದಿಯಲ್ಲಿ ಉಂಬಳ ಕಚ್ಚಿಕೊಂಡಿವೆಯೇ ಎಂದು ನೋಡುತ್ತೇವೆ. ಅಲ್ಲಿ ಉಂಬಳದ ಬದಲು ಹಿಮದ ಗುಂಡುಗಳು. ಬೆರಳುಗಳ ನಡುವಿನ ಕೂದಲಿಗೆ ಹಿಮ ಅಂಟಿ, ಮೈಬಿಸಿಗೆ ತುಸು ಕರಗಿ, ಮತ್ತೆ ಗಟ್ಟಿಯಾಗಿ ಗೋಲಿಯಂತಾಗುತ್ತದೆ. ನಾಯಿ ಅದನ್ನು ಹಲ್ಲಿನಿಂದ ಕಿತ್ತುಕೊಳ್ಳಲು ಹೋಗಿ ಚರ್ಮವನ್ನೂ ಕಿತ್ತುಕೊಳ್ಳುತ್ತದೆ. ಒಂದು ಅಗಲ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರಿಟ್ಟು ನಾಲ್ಕೂ ಕಾಲನ್ನು ಒಂದೊಂದಾಗಿ ಅದ್ದಿ ತೆಗೆದು, ಸಂದುಸಂದುಗಳನ್ನು ಒರೆಸಿ ಒಣಗಿಸಬೇಕು. ನೀರಿನಲ್ಲಿ ಅದ್ದುವುದಕ್ಕೆ ಇನ್ನೊಂದು ಕಾರಣ ಉಪ್ಪು. ಪಟ್ಟಣದ ಕಾಲುದಾರಿಗಳಲ್ಲಿ ಹಿಮಗಡ್ಡೆ ಕರಗಲೆಂದು ಕಲ್ಲುಪ್ಪನ್ನು ಎರಚುತ್ತಾರೆ. ಅದು ಶೂನ್ಯಕ್ಕಿಂತ ಎಂಟೊಂಬತ್ತು ಡಿಗ್ರಿ ಕೆಳಗೆ ಹೋದ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲವಾದ್ದರಿಂದ ಕಡುಚಳಿಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಬಳಸುವುದುಂಟು. ಈ ಎರಡನೆಯದು ನೀರಿನಲ್ಲಿ ಕರಗುವಾಗ ಬಿಸಿ ಹೊಮ್ಮಿಸುತ್ತದೆ. ಬಿರುಕುಬಿಟ್ಟ ಅಂಗಾಲಿಗೆ ಅದು ಸೋಕಿದರೆ ಸುಣ್ಣ ಸೋಕಿದಂತೆ. ನೆಕ್ಕಿದರೆ ಬಾಯಿಯೂ ಹೊಟ್ಟೆಯೂ ಕೆಡುತ್ತವೆ. ಅದಕ್ಕಾಗಿ ನಾಯಿಗಳಿಗೆ ಬಟ್ಟೆಯ ಬೂಟುಗಳು ಸಿಗುತ್ತವೆ. ಮೊದಲ ದಿನ ಅವನ್ನು ತೊಡಿಸಿದಾಗ ಕರಿಯ ನಡುಮನೆಯಲ್ಲಿ ಯಕ್ಷಗಾನದ ಹಾಸ್ಯಗಾರನಂತೆ ಕಾಲೆತ್ತೆತ್ತಿ ಇಡುತ್ತ ನಡೆದ. ನನ್ನ ಬಾಳಂತಿ ಮಗಳು ನಕ್ಕು ಹೊಲಿಗೆ ಬಿಚ್ಚೀತೆಂದು ಹೆದರಿದಳು. ಮೂರನೆಯ ದಿನಕ್ಕೆ ಅವನು ಬೂಟುಗಳ ಪರಿವೆಯೇ ಇಲ್ಲದೆ ಓಡಿದ, ಐದನೆಯ ದಿನಕ್ಕೆ ಅವುಗಳಲ್ಲೊಂದನ್ನು ಹಿಮದಲ್ಲಿ ಕಳೆದು ಬಂದ.

ಪಕ್ಕದ ಮನೆಯಲ್ಲಿ ಫಿನ್‌ಲೆಂಡ್ ಮೂಲದ ಒಬ್ಬ ಮುದುಕಿ ಇದ್ದರು. ಆ ಭಾಗದ ತಾಮ್ರದ ಗಣಿಗಳಲ್ಲಿ ದುಡಿಯಲು ಹತ್ತೊಂಬತ್ತನೆಯ ಶತಮಾನದಲ್ಲಿ ಫಿನ್‌ಲೆಂಡಿನಿಂದ ಸಾವಿರಾರು ಜನ ಬಂದಿದ್ದರು. ಗಣಿಗಳು ಮುಚ್ಚಿದರೂ ಅವರ ಮೊಮ್ಮಕ್ಕಳು ಉಳಿದಿದ್ದಾರೆ, ಅವರ ಸೌನಾ ಎಂಬ ಕಟ್ಟಿಗೆಯ ಬಿಸಿಕೋಣೆಗಳೂ ಉಳಿದಿವೆ. (ಶನಿವಾರ ಸಂಜೆ ಅಂಥದೊಂದರಲ್ಲಿ ಕೂತು ಬಂದ ದಿನ, ಎಣ್ಣೆಸ್ನಾನ ಮಾಡಿ ಹಂಡೆಯ ಬಿಸಿನೀರು ಹೊಯ್ದುಕೊಂಡಷ್ಟು ಹಿತವಾಗಿ ನನಗೆ ನಿದ್ದೆ ಬಂದಿತೆಂಬುದು ಇಲ್ಲಿ ಅಪ್ರಸ್ತುತ.) ಆ ಅಜ್ಜಿಗೆ ನನ್ನ ಇಂಗ್ಲಿಷೂ ನನಗೆ ಅವರ ಇಂಗ್ಲಿಷೂ ಅಷ್ಟಕ್ಕಷ್ಟೆ. ಆದರೂ ಪ್ರಾಣಿಗಳ ವಿಷಯದಲ್ಲಿ ನಾವಿಬ್ಬರೂ ಕೂಡಲೇ ಒಂದಾದೆವು.

ಮನೆಯ ಜೊತೆಯಲ್ಲಿಯೇ ಬಂದ ಬೆಕ್ಕು ಚಿಕ್ಕಿ, ಯಾರು ಎಷ್ಟು ಕರೆದರೂ ರಾತ್ರಿ ಮನೆಯೊಳಗೆ ಉಳಿಯದೆ ಕಟ್ಟಿಗೆಯ ಕೊಟ್ಟಿಗೆಯಲ್ಲಿಯೇ ಮಲಗುತ್ತಿತ್ತು. ಅದು ನಡುಗುವುದನ್ನು ನೋಡಲಾರದೆ ನಾನು ಅದರ ಮರದ ಪೆಟ್ಟಿಗೆಯಲ್ಲಿ ಒಂದು ಹಳೆಯ ಉಣ್ಣೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆ. ಮೂರು ದಿನ ಬಿಟ್ಟು ನೋಡಿದರೆ ಬೆಕ್ಕು ಪೆಟ್ಟಿಗೆಯ ಹೊರಗೆ ಸೌದೆಯ ಮೇಲೆ ಮುದುಡಿಕೊಂಡಿತ್ತು. ಕಂಬಳಿ ಬೆಕ್ಕಿನ ಉಸಿರಿನ ತೇವವನ್ನೂ ಕಾಲಿಗೆ ಅಂಟಿ ಬಂದ ಹಿಮದ ನೀರನ್ನೂ ಹೀರಿಕೊಂಡು ಹೆಪ್ಪುಗಟ್ಟಿ ಹಲಗೆಯಾಗಿತ್ತು. ಅಜ್ಜಿ ಅದನ್ನು ನೋಡಿ ಏನೂ ಹೇಳದೆ ತಮ್ಮ ಮನೆಯಿಂದ ಒಂದು ಕಟ್ಟು ಹುಲ್ಲು ತಂದು ಪೆಟ್ಟಿಗೆಯಲ್ಲಿ ಮುಕ್ಕಾಲು ತುಂಬ ತುಂಬಿದರು. ಬೆಕ್ಕು ಅದರೊಳಗೆ ಬಿಲ ಮಾಡಿಕೊಂಡು ಹೊಕ್ಕಿತು. ಆ ಹುಲ್ಲಿನಲ್ಲಿಯೂ ಭೇದವಿದೆ. ನಮ್ಮ ಬೇಣದ ಕರಡದಂತೆ ಮೇವಿಗಾಗಿ ಕೊಯ್ದು ಒಣಗಿಸಿದ ಹುಲ್ಲು ತೇವವನ್ನು ಹೀರಿ ಮುಗ್ಗುತ್ತದೆ, ಅದು ಆಗದು. ಕಾಳು ಬಡಿದ ಮೇಲೆ ಉಳಿಯುವ, ಒಳಗೆ ಟೊಳ್ಳಿರುವ ಗೋಧಿಯ ಹುಲ್ಲು ಆಗಬೇಕು. ಅದು ನೀರನ್ನು ಹಿಡಿದಿಡುವುದಿಲ್ಲ, ಟೊಳ್ಳಿನಲ್ಲಿ ಗಾಳಿಯನ್ನು ಹಿಡಿದಿಡುತ್ತದೆ. ಆ ಗಾಳಿಯೇ ಹೊದಿಕೆ. ದನಗಳ ಕಾಲಡಿಗೆ ದರಕು, ಅಂದರೆ ಒಣಗಿದ ಎಲೆ, ಹಾಸಿ ಬೆಳೆದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಮಳೆಗಾಲದಲ್ಲಿ ಕೊಟ್ಟಿಗೆಗೆ ಗೋಣಿಚೀಲ ಹಾಸಿದವರನ್ನು ನಾವು ನೋಡಿದ್ದೇವೆಯೇ?

ಈ ಒಣಹಾಸಿನ ವಿಷಯ ಅಲ್ಲಿ ಮುದುಕಿಯರ ತಿಳಿವಳಿಕೆ ಮಾತ್ರವಲ್ಲ, ಕಾನೂನೂ ಹೌದು. ಮಿಷಿಗನ್ ರಾಜ್ಯದ ಪ್ರಾಣಿಹಿಂಸೆ ವಿರುದ್ಧದ ಕಾಯಿದೆಯ ಪ್ರಕಾರ, ಹೊರಗೆ ಸಾಕಿದ ನಾಯಿಗೆ ಅದರ ತಳಿಗೂ ಗಾತ್ರಕ್ಕೂ ತಕ್ಕ, ಮಾಡು ಇರುವ, ಮುಚ್ಚಿದ ಗೂಡು ಇರಬೇಕು. ಉಷ್ಣತೆ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗಿದ್ದಾಗ, ಅಥವಾ ಕೆಳಗಿಳಿಯುವ ಮುನ್ಸೂಚನೆ ಇದ್ದಾಗಲೇ, ಗೂಡಿನಲ್ಲಿ ಒಣ ಹಾಸು ಇರಲೇಬೇಕು. ಕಟ್ಟುವುದಾದರೆ ಹಗ್ಗ ನಾಯಿಯ ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದದ ಮೂರು ಪಟ್ಟಾದರೂ ಇರಬೇಕು. ಅಳತೆಯನ್ನು ಇಷ್ಟು ಬಿಡಿಸಿ ಬರೆದ ಕಾಯಿದೆಯನ್ನು ಓದಿದಾಗ ನನಗೆ ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ನೆನಪಾಯಿತು. ಅದರ ಹನ್ನೊಂದನೆಯ ಕಲಮಿನಲ್ಲಿಯೂ ಸಾಕಿದ ಪ್ರಾಣಿಗೆ ಸಾಕಷ್ಟು ಅನ್ನ, ನೀರು, ಆಸರೆ ಕೊಡದಿರುವುದೂ, ತೀರಾ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಕಟ್ಟಿಹಾಕುವುದೂ ಅಪರಾಧವೆಂದೇ ಇದೆ. ಮೊದಲ ಬಾರಿ ಸಿಕ್ಕಿಬಿದ್ದರೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಒಂದು ಕೊಟ್ಟೆ ನಾಯಿಬಿಸ್ಕತ್ತಿಗೆ ಅದಕ್ಕಿಂತ ಹೆಚ್ಚು ಬೆಲೆ ಇದೆ.

ಕೋಳಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಚಳಿಯೆಂದು ಗೂಡನ್ನು ಬಿಗಿಯಾಗಿ ಮುಚ್ಚಿದರೆ ಅವುಗಳ ಉಸಿರಿನ ತೇವ ಒಳಗೇ ನಿಂತು ಜುಟ್ಟು ಹೆಪ್ಪುಗಟ್ಟುತ್ತದೆ, ಮೇಲಿನ ಕಿಂಡಿ ತೆರೆದಿಟ್ಟರೆ ಉಳಿಯುತ್ತದೆ ಎಂಬುದೊಂದು. ಬಿಸಿಗೆಂದು ತೂಗುಹಾಕಿದ ದೀಪ ಹುಲ್ಲಿನ ಮೇಲೆ ಬಿದ್ದು ಗೂಡಿಗೆ ಗೂಡೇ ಉರಿದುಹೋಗುವುದುಂಟು ಎಂಬುದು ಇನ್ನೊಂದು. ಹಗಲು ಚಿಕ್ಕದಾದಂತೆ ಮೊಟ್ಟೆ ನಿಲ್ಲುತ್ತದೆ. ಇಟ್ಟ ಒಂದೆರಡನ್ನೂ ಬೇಗನೆ ತರದಿದ್ದರೆ ಒಳಗೆ ಹೆಪ್ಪುಗಟ್ಟಿ ಚಿಪ್ಪು ಸೀಳುತ್ತದೆ.

ಹೊರಗಿನ ಚಳಿಗಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಕಾರು ನಿಲ್ಲಿಸುವ ಕೋಣೆ. ಎಂಜಿನ್ನಿನ ನೀರು ಹೆಪ್ಪುಗಟ್ಟದಿರಲೆಂದು ಅದರಲ್ಲಿ ಬೆರೆಸುವ ದ್ರವದಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಇರುತ್ತದೆ. ಅದಕ್ಕೆ ಸಿಹಿ ರುಚಿ. ನೆಲಕ್ಕೆ ತೊಟ್ಟಿಕ್ಕಿದ್ದನ್ನು ನಾಯಿ ನೆಕ್ಕುತ್ತದೆ. ಬೆಕ್ಕು ಅದರ ಮೇಲೆ ನಡೆದು ಬಂದು ಆಮೇಲೆ ತನ್ನ ಕಾಲನ್ನು ನೆಕ್ಕಿಕೊಳ್ಳುತ್ತದೆ. ಒಂದು ಚಹಾ ಚಮಚದಷ್ಟು ಸಾಕು ಬೆಕ್ಕು ಸಾಯಲು. ದೇಹದೊಳಗೆ ಹೋದ ಮೇಲೆ ಅದು ಬೇರೆ ಆಮ್ಲಗಳಾಗಿ ಮಾರ್ಪಟ್ಟು, ಮೂತ್ರಪಿಂಡದಲ್ಲಿ ಹರಳುಗಟ್ಟಿ ಅದನ್ನು ಕೆಡಿಸುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಪ್ರಾಣಿ ಕುಡಿದವರಂತೆ ತೂರಾಡುತ್ತದೆ, ನಡುವೆ ಚೇತರಿಸಿಕೊಂಡಂತೆ ಕಾಣುತ್ತದೆ, ಮನೆಯವರು ಸಮಾಧಾನಪಡುವ ಹೊತ್ತಿಗೆ ಚಿಕಿತ್ಸೆಯ ಕಾಲ ಮೀರಿರುತ್ತದೆ. ವಿಷ ಮಾರ್ಪಾಡಾಗದಂತೆ ತಡೆಯುವ ಮದ್ದು ಈಗ ಇದೆ. ಅದು ಇಲ್ಲದಿದ್ದ ಕಾಲದಲ್ಲಿ ವೈದ್ಯರು ಪ್ರಾಣಿಗೆ ಮದ್ಯಸಾರವನ್ನೇ ಕೊಡುತ್ತಿದ್ದರಂತೆ, ಯಕೃತ್ತು ಅದನ್ನು ಅರಗಿಸುವುದರಲ್ಲಿ ತೊಡಗಿ ವಿಷವನ್ನು ಬಿಟ್ಟುಬಿಡಲಿ ಎಂದು. ಅಮೆರಿಕದ ತಯಾರಕರು 2012ರಲ್ಲಿ ಈ ದ್ರವಕ್ಕೆ ಕಹಿ ಬೆರೆಸಲು ತಾವಾಗಿಯೇ ಒಪ್ಪಿಕೊಂಡರು. ಕಹಿ ಇದ್ದರೂ ಬಾಯಾರಿದ ನಾಯಿ ನೆಕ್ಕುವುದಿಲ್ಲವೆಂದು ನಂಬುವ ಧೈರ್ಯ ನನಗಿಲ್ಲ. ಅದೇ ಕೋಣೆಯಲ್ಲಿ ಇನ್ನೊಂದು ರೂಢಿಯನ್ನೂ ಕಲಿತೆ: ಬೆಳಿಗ್ಗೆ ಕಾರು ಹೊರಡಿಸುವ ಮೊದಲು ಬಾನೆಟ್ಟಿನ ಮೇಲೆ ಎರಡು ಬಾರಿ ಬಲವಾಗಿ ಬಡಿಯುವುದು. ಆಗಷ್ಟೇ ಬಂದು ನಿಂತ ಕಾರಿನ ಎಂಜಿನ್ನಿನ ಬಿಸಿಗೆ ಬೆಕ್ಕು ಅದರೊಳಗೆ ಹೊಕ್ಕು ಮಲಗಿರುತ್ತದೆ. ಚಿಕ್ಕಿ ಎರಡು ಸಲ ಅಲ್ಲಿಂದ ಹಾರಿ ಬಂದಿದೆ.

ಫೆಬ್ರವರಿಯ ಹೊತ್ತಿಗೆ ಇನ್ನೊಂದು ತೊಡಕು ಎದುರಾಯಿತು. ಅದನ್ನು ಊರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಹಿತ್ತಿಲಿಗೆ ನಾಲ್ಕಡಿ ಎತ್ತರದ ಬೇಲಿ ಇತ್ತು. ಬಿದ್ದ ಹಿಮ, ಮಾಡಿನಿಂದ ಜಾರಿದ ಹಿಮ, ನಾವೇ ತೋಡಿ ಹಾಕಿದ ಹಿಮ ಎಲ್ಲವೂ ಸೇರಿ ಬೇಲಿ ಕಾಣದಂತಾಗಿ, ಮೇಲ್ಪದರ ಗಟ್ಟಿಯಾದ ಒಂದು ದಿನ ಕರಿಯ ಅದರ ಮೇಲೆ ನಡೆದುಕೊಂಡೇ ಹೊರಟುಹೋದ. ನಾಯಿ ದಾರಿ ತಪ್ಪುವುದಿಲ್ಲ, ಮೂಸಿಕೊಂಡು ಬರುತ್ತದೆ ಎಂದು ನಾನು ಧೈರ್ಯ ಹೇಳಿದೆ. ಆದರೆ ಹೊಸ ಹಿಮ ಬಿದ್ದ ಮೇಲೆ ಹಳೆಯ ವಾಸನೆಗಳೆಲ್ಲ ಅದರಡಿಗೆ ಸೇರಿಬಿಡುತ್ತವೆ. ಗುರುತಿನ ಕಲ್ಲು, ಗಿಡ, ಅಂಚೆಪೆಟ್ಟಿಗೆ ಎಲ್ಲವೂ ಒಂದೇ ಬಿಳಿ. ಕಾಡಿನಲ್ಲಿ ತೋಳಗಳಿವೆ, ನಾಲೆಯ ನೀರು ಮೇಲೆ ಗಟ್ಟಿಯಾಗಿ ಕಂಡರೂ ಹರಿವಿರುವ ಕಡೆ ತೆಳುವಾಗಿರುತ್ತದೆ. ಅಳಿಯ ಹಿಮದ ಮೆಟ್ಟುಗಳನ್ನು ಕಟ್ಟಿಕೊಂಡು ಹೆಜ್ಜೆ ಹಿಡಿದು ಹೋದ. ಒಂದೂವರೆ ಗಂಟೆಯ ಮೇಲೆ ಅಜ್ಜಿಯೇ ಫೋನು ಮಾಡಿ, ನಿಮ್ಮ ಕೇರಿಯಾ ನನ್ನ ಒಲೆಯ ಮುಂದೆ ಮಲಗಿದ್ದಾನೆ ಎಂದರು. ಅಂದಿನಿಂದ ಬೇಲಿಯ ಒಳಬದಿಯಲ್ಲಿ ಹಿಮ ತೋಡಿ ಕಾಲುವೆ ಮಾಡುವುದೂ ವಾರದ ಕೆಲಸಕ್ಕೆ ಸೇರಿಕೊಂಡಿತು. ತಗಡಿನ ಮಾಡಿನಿಂದ ಹಿಮ ಒಮ್ಮೆಗೇ ಜಾರಿ ಬೀಳುವ ಜಾಗಕ್ಕೆ ನಾಯಿ ಹೋಗದಂತೆ ಹಲಗೆ ಅಡ್ಡಗಟ್ಟಿದ್ದೂ ಆಗಲೇ.

ದಿನದ ಉಳಿದ ಹೊತ್ತು ಮನೆಯೊಳಗೆ. ಒಲೆ ಸದಾ ಉರಿಯುವುದರಿಂದ ಮನೆಯ ಗಾಳಿ ಒಣಗಿ, ಬೆಕ್ಕಿನ ಬೆನ್ನು ಸವರಿದರೆ ಚಟ್ಟೆಂದು ಕಿಡಿ ಹಾರುತ್ತದೆ. ಚಿಕ್ಕಿಗೆ ಅದು ನನ್ನದೇ ದುರ್ಬುದ್ಧಿಯೆಂದು ಅನುಮಾನವಿತ್ತು. ಓಡಾಟ ಕಡಿಮೆಯಾದ ನಾಯಿಗೆ ಅನ್ನವನ್ನೂ ತುಸು ಕಡಿಮೆ ಮಾಡಬೇಕು. ಚಳಿಗಾಲವೆಂದು ಹೆಚ್ಚು ಹಾಕಬೇಕಾದದ್ದು ಹೊರಗೇ ಇರುವ, ದುಡಿಯುವ ನಾಯಿಗೆ ಮಾತ್ರ. ಕರಿಯನ ಬೇಸರ ಕಳೆಯಲು ನಾನು ಒಂದೊಂದು ಚೂರು ಒಣರೊಟ್ಟಿಯನ್ನು ಮನೆಯ ಮೂಲೆಮೂಲೆಗಳಲ್ಲಿ ಬಚ್ಚಿಟ್ಟು ಹುಡುಕಲು ಬಿಡುತ್ತಿದ್ದೆ. ಅವನಿಗೂ ಹೊತ್ತು ಹೋಗುತ್ತಿತ್ತು, ನನಗೂ.

ದುಡಿಯುವ ನಾಯಿ ಎಂದೆನಲ್ಲ, ಹಿಮಕ್ಕೆ ಹೇಳಿ ಮಾಡಿಸಿದ ನಾಯಿಗಳನ್ನೂ ಅಲ್ಲಿಯೇ ಕಂಡೆ. ಹತ್ತಿರದ ಕ್ಯಾಲ್ಯುಮೆಟ್ ಎಂಬ ಊರಿನಲ್ಲಿ ಕಾಪರ್‌ಡಾಗ್ ಎಂಬ ನಾಯಿಬಂಡಿಯ ಓಟ ನಡೆಯುತ್ತದೆ, 2010ರಲ್ಲಿ ಆರಂಭವಾದದ್ದು. ಅಲಾಸ್ಕಾದ ಹಸ್ಕಿಗಳು ಹೊರಡುವ ತವಕದಲ್ಲಿ ನೆಗೆಯುವುದನ್ನೂ ಕೂಗುವುದನ್ನೂ ನೋಡಿದರೆ ಚಳಿ ಇವಕ್ಕಿಲ್ಲವೆಂದೇ ಯಾರಿಗಾದರೂ ಅನ್ನಿಸೀತು. ಹತ್ತಿರ ಹೋಗಿ ನೋಡಿದೆ: ಎಲ್ಲ ನಾಯಿಗಳ ಪಾದಗಳಿಗೂ ಬಟ್ಟೆಯ ಚೀಲ ತೊಡಿಸಿದ್ದರು. ಮಲಗಲು ಗೋಧಿಹುಲ್ಲು ಹರಡಿತ್ತು. ಅಲಾಸ್ಕಾದಲ್ಲಿ ನಡೆಯುವ ಇಡಿಟರಾಡ್ ಎಂಬ ದೊಡ್ಡ ಓಟದಲ್ಲಿ ಒಂದೊಂದು ನಾಯಿಗೂ ಎಂಟು ಪಾದಚೀಲ ಒಯ್ಯಬೇಕೆಂಬುದು ನಿಯಮ. ಓಡುವ ದಿನಗಳಲ್ಲಿ ಒಂದು ನಾಯಿ ದಿನಕ್ಕೆ 10,000 ಕ್ಯಾಲರಿಯಷ್ಟು, ಅಂದರೆ ನಮ್ಮಂಥ ನಾಲ್ಕೈದು ಜನರ ಊಟದಷ್ಟು ತಿನ್ನುತ್ತದೆ. ತಲೆಮಾರುಗಳಿಂದ ಹಿಮದಲ್ಲಿಯೇ ಬೆಳೆದ ನಾಯಿಗೇ ಇಷ್ಟು ಬೇಕಾದರೆ ಮನೆಯ ಸೋಫಾದ ಮೇಲೆ ಬೆಳೆದ ನಾಯಿಗೆ?

ಇದನ್ನೆಲ್ಲ ಕನ್ನಡ ಪತ್ರಿಕೆಗೆ ಬರೆಯಲು ಕಾರಣವಿದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದುವ ನಮ್ಮ ಕಡೆಯ ಹುಡುಗರು ಹಬ್ಬಕ್ಕೆ ಮಗಳ ಮನೆಗೆ ಊಟಕ್ಕೆ ಬರುತ್ತಿದ್ದರು. ಇಬ್ಬರು ಆಗಸ್ಟ್‌ನಲ್ಲಿ, ಹಸಿರು ಹುಲ್ಲಿನ ಕಾಲದಲ್ಲಿ, ಒಂಟಿತನ ಕಳೆಯಲೆಂದು ಒಂದು ಗಿಡ್ಡಕೂದಲಿನ ಪುಟ್ಟ ನಾಯಿಯನ್ನು ತಂದುಕೊಂಡಿದ್ದರು. ಡಿಸೆಂಬರ್‌ನಲ್ಲಿ ಅದು ಹೊರಗೆ ಹೋಗಲೊಪ್ಪದೆ ಬಾಗಿಲಲ್ಲಿ ನಡುಗುತ್ತ ನಿಂತಾಗ, ನಾಯಿಗೆ ಚಳಿ ಇಲ್ಲವೆಂದುಕೊಂಡು ಹೊರಕ್ಕೆ ತಳ್ಳುತ್ತಿದ್ದುದಾಗಿ ಅವರೇ ಹೇಳಿದರು. ಒಳ್ಳೆಯ ಮಕ್ಕಳೇ, ಆ ಮಾತನ್ನು ಚಿಕ್ಕಂದಿನಿಂದ ಚಿತ್ರಗಳಲ್ಲಿಯೂ ಅಡಿಬರಹಗಳಲ್ಲಿಯೂ ಓದಿ ಬೆಳೆದಿದ್ದರು, ಅಷ್ಟೆ. ಮಗಳು ತನ್ನ ಹಳೆಯ ಸ್ವೆಟರಿನ ತೋಳನ್ನು ಕತ್ತರಿಸಿ ಅದಕ್ಕೊಂದು ಅಂಗಿ ಮಾಡಿಕೊಟ್ಟಳು. ಇದರ ತಿರುವುಮುರುವನ್ನು ಬೆಂಗಳೂರಿನಲ್ಲಿ ಕಾಣುತ್ತೇವೆ: ಹಿಮದಲ್ಲಿ ಬಂಡಿ ಎಳೆಯಲು ಹುಟ್ಟಿದ ಹಸ್ಕಿಯನ್ನು ತಂದು, ಏಪ್ರಿಲ್ ಬಿಸಿಲಿನಲ್ಲಿ ಅದು ತಣ್ಣನೆಯ ಹಾಸುಗಲ್ಲು ಹುಡುಕುತ್ತ ಏದುಸಿರು ಬಿಡುವುದನ್ನು ನೋಡಿ, ನಗುತ್ತಿದೆ ಎಂದು ಫೋಟೋ ತೆಗೆಯುವವರು ನನ್ನ ನೆಂಟರಲ್ಲಿಯೇ ಇದ್ದಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಆ ಅಡಿಬರಹಕ್ಕೆ ಒಂದು ಸಣ್ಣ ತಿದ್ದುಪಡಿಯನ್ನು ಪ್ರಕಟಿಸಿದರೆ ಸಾಕು. ಜೊತೆಗೆ ಕರಿಯನ ಒಂದು ಚಿತ್ರವನ್ನು ಕಳಿಸುತ್ತಿದ್ದೇನೆ. ಎರಡನೆಯ ವರ್ಷದ ಜನವರಿಯಲ್ಲಿ ಅಳಿಯ ತೆಗೆದದ್ದು, ಕಚ್ಚುಬಿದ್ದ ಎಡಗಿವಿ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸ್ಥಳವಿದ್ದರೆ ಪ್ರಕಟಿಸಬಹುದು. ಅಡಿಬರಹವನ್ನು ನಾನೇ ಬರೆದಿದ್ದೇನೆ: 'ಶೂನ್ಯಕ್ಕಿಂತ 22 ಡಿಗ್ರಿ ಕೆಳಗೆ. ಹೊರಗೆ ಬಂದು ನಾಲ್ಕು ನಿಮಿಷವಾಯಿತು. ಮುಂಗಾಲು ಎತ್ತಿದ್ದಾನೆ, ಚಿತ್ರ ತೆಗೆದವರು ಬಾಗಿಲು ತೆರೆಯುತ್ತಿದ್ದಾರೆ.'

ಇಂತಿ ತಮ್ಮ ಓದುಗರಲ್ಲೊಬ್ಬಳು,
ಒಬ್ಬ ನಿವೃತ್ತ ಶಿಕ್ಷಕಿ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ